ಸೂರಿನಡಿಯ ಸೌರಮಂಡಲ

1774ರ ಮೇ 8ರಂದು ಬುಧ, ಶುಕ್ರ, ಮಂಗಳ, ಗುರು ಮತ್ತು ಚಂದ್ರ ಮೇಷ ರಾಶಿಯಲ್ಲಿ ಒಟ್ಟುಗೂಡುವುದಿತ್ತು. ಅವು ಡಿಕ್ಕಿ ಹೊಡೆದು ಭೂಮಿಯೇ ದಾರಿ ತಪ್ಪಬಹುದು ಎಂದು ಪಾದ್ರಿಯೊಬ್ಬರ ಪುಸ್ತಿಕೆ ಸಾರಿತು. ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಜನ ಕಂಗಾಲಾದರು.

ಆ ಭಯ ಎಂಥದ್ದೆಂದು ನಾನು ಬಲ್ಲೆ. 1962ರ ಫೆಬ್ರುವರಿಯ ಅಷ್ಟಗ್ರಹ ಕೂಟದ ಹೊತ್ತಿಗೆ ಧಾರವಾಡದ ನಮ್ಮ ಓಣಿಯಲ್ಲಿ ಹೋಮ, ಭಜನೆ ನಡೆದವು. ಪ್ರಳಯ ಬಂತೆಂದು ಅವ್ವ ನಮ್ಮನ್ನು ಅಂಗಳಕ್ಕೂ ಬಿಡಲಿಲ್ಲ. ಮುಂದೆ ವಿಜ್ಞಾನದ ಮಾಸ್ತರನಾದ ಮೇಲೆ ಅದೇ ಫ್ರೀಸ್‌ಲ್ಯಾಂಡ್‌ನ ಫ್ರಾನೆಕರ್ ಊರಿನ ಐಸೆ ಐಸಿಂಗಾ ಅವರ ಕಥೆ ಓದಿದೆ. ಅಂದಿನಿಂದ ಅವರ ಮೇಲೆ ನನಗೆ ಅಪಾರ ಗೌರವ.

ಐಸಿಂಗಾ ಉಣ್ಣೆ ಹಿಂಜುವ ಕಸುಬಿನವರು. ಅವರು ಭಯಕ್ಕೆ ಉತ್ತರವಾಗಿ ತಮ್ಮ ಮನೆಯ ಪಡಸಾಲೆಯ ಛಾವಣಿಯಲ್ಲೇ ಸೌರಮಂಡಲ ಕಟ್ಟಿದರು. ಮರದ ಚಕ್ರಗಳಿಗೆ ಸಾವಿರಾರು ಮೊಳೆ ಬಡಿದು ಹಲ್ಲು ಮಾಡಿ, ಲೋಲಕದ ಗಡಿಯಾರದಿಂದ ಓಡಿಸಿದರು. 1781ರಲ್ಲಿ ಕೆಲಸ ಮುಗಿಯಿತು. ಅಲ್ಲಿ ಶನಿ ಒಂದು ಸುತ್ತು ಬರಲು, ಆಕಾಶದಲ್ಲಿರುವಂತೆಯೇ, 29 ವರ್ಷಕ್ಕೂ ಹೆಚ್ಚು ಬೇಕು.

ಅಳತೆ ಸರಳ: 1 ಮಿಲಿಮೀಟರ್ ಎಂದರೆ 10 ಲಕ್ಷ ಕಿ.ಮೀ. ಸೂರ್ಯನಿಂದ ಭೂಮಿ 15 ಸೆಂ.ಮೀ., ಮಂಗಳ 23, ಗುರು 78. ಒಂದೇ ರಾಶಿಯಲ್ಲಿ ಕಂಡರೂ ಮಂಗಳ, ಗುರುಗಳ ಹಾದಿಗಳ ನಡುವೆ 55 ಸೆಂ.ಮೀ., ಅಂದರೆ 55 ಕೋಟಿ ಕಿ.ಮೀ.! ಡಿಕ್ಕಿಯ ಮಾತೆಲ್ಲಿ ಬಂತು?

ನಕ್ಷತ್ರಗಳ ದೂರ ಮಾತ್ರ ಐಸಿಂಗಾರಿಗೆ ತಿಳಿಯಲಿಲ್ಲ. ಅವರು 1828ರಲ್ಲಿ ತೀರಿಕೊಂಡರು. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಕೂದಲೆಳೆಯಷ್ಟು ಸರಿದಂತೆ ಕಾಣುತ್ತದೆ. ಅದನ್ನು ಅಳೆದು ಜರ್ಮನಿಯ ಖಗೋಳಜ್ಞ ಬೆಸೆಲ್ 1838ರಲ್ಲಿ ಹಂಸ ರಾಶಿಯ ಒಂದು ನಕ್ಷತ್ರದ ದೂರ ಪ್ರಕಟಿಸಿದರು. ಕೇಪ್ ಆಫ್ ಗುಡ್ ಹೋಪ್‌ನಲ್ಲಿ ಆಲ್ಫಾ ಸೆಂಟಾರಿ ನಕ್ಷತ್ರವನ್ನು ಅಳೆದಿದ್ದ ಖಗೋಳಜ್ಞ ಹೆಂಡರ್ಸನ್ 1839ರಲ್ಲಿ ತಮ್ಮ ಲೆಕ್ಕ ಮುಂದಿಟ್ಟರು. ಮೇ ತಿಂಗಳ ರಾತ್ರಿ ನಮ್ಮ ದಕ್ಷಿಣ ದಿಗಂತದಲ್ಲೂ ಅದು ಹೊಳೆಯುತ್ತದೆ.

ಇಂದಿನ ಲೆಕ್ಕದಂತೆ ಅದರ ದೂರ 4.37 ಜ್ಯೋತಿರ್ವರ್ಷ. ಐಸಿಂಗಾರ ಅಳತೆಯಲ್ಲಿ ಸೂರ್ಯ ಒಂದು ಸಾಸಿವೆ ಕಾಳು. ಶನಿಯವರೆಗಿನ ಸೌರಮಂಡಲ ಪಡಸಾಲೆಯೊಳಗೇ ಮುಗಿಯಿತು. ಆಲ್ಫಾ ಸೆಂಟಾರಿ 41 ಕಿ.ಮೀ. ಆಚೆ: ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ತಿರುಗಿ ಬಂದಷ್ಟು ದೂರ. ಲುಬ್ಧಕ ನಕ್ಷತ್ರ ಇನ್ನೂ ಇಮ್ಮಡಿ ದೂರ.

ಐಸಿಂಗಾರ ಛಾವಣಿ ಇಂದಿಗೂ ತಿರುಗುತ್ತಿದೆ. 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ರಹಗಳನ್ನು ಒತ್ತೊತ್ತಾಗಿ ಬಿಡಿಸಿದ ಚಿತ್ರಪಟ ನೋಡಿ ಬೆಳೆದ ಮಗುವಿಗೆ ಗ್ರಹಕೂಟದ ಭಯ ಹುಟ್ಟುವುದು ಸಹಜ. ಮಾಸ್ತರರೇ, ಅಕ್ಕೋರೇ, ನಿಮ್ಮ ತರಗತಿಯ ಗೋಡೆಯ ಮೇಲೆ ಈ ಅಳತೆಯಲ್ಲೊಂದು ಗೆರೆ ಎಳೆಯಿರಿ. ಮೊದಲ ನಕ್ಷತ್ರ ಯಾವ ಊರಿಗೆ ಬೀಳುತ್ತದೆಂದು ಮಕ್ಕಳಿಂದಲೇ ಲೆಕ್ಕ ಹಾಕಿಸಿ.