ಬಣ್ಣದ ಮೇಲೊಂದು ಬಣ್ಣ

ಮನುಷ್ಯನಿಗೆ ಮನೆ ಕಟ್ಟುವ ಆಸೆ ಎಷ್ಟು ಹಳೆಯದೋ, ಕಟ್ಟಿದ ಮನೆಯ ಒಳಗೋಡೆಗೆ ಬಣ್ಣ ಬಳಿಯುವ ಆಸೆಯೂ ಅಷ್ಟೇ ಹಳೆಯದು. ಹೊರಗೋಡೆ ಊರಿನವರ ಕಣ್ಣಿಗೆ, ಒಳಗೋಡೆ ನಮ್ಮ ಕಣ್ಣಿಗೆ. ಹಾಗಾಗಿ ಒಂದು ಕಾಲದ ಜನ ಹೇಗೆ ಬದುಕಿದರು ಎಂದು ತಿಳಿಯಬೇಕಾದರೆ ಒಳಗಿನ ಬಣ್ಣವನ್ನು ನೋಡಬೇಕು ಎಂದು ಸಮಾಜ ಪಾಠ ಮಾಡುವ ನನಗೆ ಆಗಾಗ ಅನ್ನಿಸುತ್ತದೆ.

ಈ ಮಾತಿಗೆ ಸಾಕ್ಷಿ ಹುಡುಕಿಕೊಂಡು ನಾನು ದೂರ ಹೋಗಬೇಕಾಗಿಲ್ಲ. ನಮ್ಮದು ಬಾಬುರಾಯನಕೊಪ್ಪಲು, ಶ್ರೀರಂಗಪಟ್ಟಣದ ಹತ್ತಿರದ ಊರು. ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ದರಿಯಾ ದೌಲತ್ ಇದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ತೇಗದ ಮರದ ಬೇಸಿಗೆ ಅರಮನೆಯಲ್ಲಿ ಬಣ್ಣವಿಲ್ಲದ ಜಾಗ ಸಿಗುವುದು ಕಷ್ಟ. ಕಂಬ, ಕಮಾನು, ಛಾವಣಿ ಎಲ್ಲೆಲ್ಲೂ ಹೂಬಳ್ಳಿ. ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಹತ್ತಿರ ನಡೆದ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ. ಹೈದರ್ ಮತ್ತು ಟಿಪ್ಪು ಆನೆಕುದುರೆಗಳೊಡನೆ ಬರುತ್ತಿದ್ದಾರೆ, ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಗಂಜಾಮಿನ ಗುಂಬಜಿಗೆ ಹೋದರೆ ಒಳಗೋಡೆಯ ತುಂಬ ಹುಲಿಯ ಪಟ್ಟೆ.

ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ: "ಮಿಸ್, ಇದು ಆಗ ಬರೆದಿದ್ದೇ ಬಣ್ಣವಾ?" ಅಲ್ಲ. ಶ್ರೀರಂಗಪಟ್ಟಣದ ಮುತ್ತಿಗೆಗೆ ಮುಂಚೆಯೇ ಆ ಯುದ್ಧದ ಚಿತ್ರವನ್ನು ಕೆಡಿಸಲಾಗಿತ್ತು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನು, ಅದನ್ನು ಸರಿಮಾಡಿಸಿದ. ಅದೂ ಮಾಸಿತು. 1855ರಲ್ಲಿ ಇಲ್ಲಿಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಲು ಅಪ್ಪಣೆ ಮಾಡಿದ. ಹಳೆಯ ಚಿತ್ರ ನೆನಪಿದ್ದ ಒಬ್ಬ ದೇಶೀ ಕಲಾವಿದ ಅದನ್ನು ಮತ್ತೆ ಬರೆದ. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ಎರಡು ಬಾರಿ ಸರಿಮಾಡಿಸಿದ್ದು ಇತಿಹಾಸದ ಒಂದು ಸೋಜಿಗ. ನಾನು ಓದಿದ ಪುಸ್ತಕಗಳಲ್ಲಿ ಡಾಲ್‌ಹೌಸಿಯ ಹೆಸರಿದೆ, ನೆನಪಿನಿಂದ ಬರೆದವನ ಹೆಸರಿಲ್ಲ.

ಅರಮನೆಯ ಗೋಡೆಗೆ ಬಣ್ಣ ಬರೆದವನ ಹೆಸರೇ ಉಳಿಯದಿದ್ದ ಮೇಲೆ ನಮ್ಮ ಮನೆಗಳ ಗೋಡೆಗೆ ಬಳಿದ ಹೆಂಗಸರ ಹೆಸರು ಎಲ್ಲಿ ಉಳಿಯಬೇಕು? ಯುಗಾದಿ, ಗೌರಿ ಹಬ್ಬ ಬಂದರೆ ಸುಣ್ಣದ ಕಲ್ಲನ್ನು ಹರವಿಯಲ್ಲಿ ಅರಳಿಸಿ, ಒಂದು ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದವರು ಅವರು. ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದವರೂ ಅವರೇ. ಉದುರುವ ಹಳೇ ಸುಣ್ಣವನ್ನು ಹೆರೆಯದೆ, ಗೋಡೆಗೆ ನೀರು ಚಿಮುಕಿಸದೆ ಹೊಸ ಸುಣ್ಣ ಬಳಿಯಬಾರದು ಎಂಬುದು ಅವರಿಗೆ ಗೊತ್ತಿತ್ತು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಕಲ್ಲಾಗುತ್ತದೆ, ಅದಕ್ಕೆ ತೇವ ಬೇಕು ಎಂದು ನಾವು ಈಗ ಪುಸ್ತಕದಲ್ಲಿ ಓದುತ್ತೇವೆ. ಅವರು ಕೈಯಲ್ಲಿ ಓದಿದ್ದರು.

ಬಣ್ಣ ಕಾರ್ಖಾನೆಗೆ ಹೋದದ್ದೂ ನಮ್ಮ ಕಡೆಯ ಇತಿಹಾಸವೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಅದೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಅಲ್ಲಿಯದೇ. ಮತಗಟ್ಟೆಯ ಕೆಲಸಕ್ಕೆ ಹೋಗುವ ನಮ್ಮಂಥ ಮೇಷ್ಟ್ರು ಮೇಡಂಗಳಿಗೆ ಆ ಸಣ್ಣ ಸೀಸೆಯ ಪರಿಚಯ ಚೆನ್ನಾಗಿಯೇ ಇದೆ. ಆಚೆ ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಸುಣ್ಣಕ್ಕೆ ತೇವ, ಅರಗಿಗೆ ಬಿಸಿ. ಯಾವ ಮೈಗೆ ಯಾವ ಬಣ್ಣ ಹೇಗೆ ಅಂಟುತ್ತದೆ ಎಂಬುದೇ ಈ ವಿದ್ಯೆಯ ತಿರುಳು.

ಇನ್ನು ನಮ್ಮ ಕಾಲದ ಒಳಗೋಡೆಗೆ ಬರುತ್ತೇನೆ. ಅದು ಕಾರಿನ ಒಳಗಿನ ಪ್ಲಾಸ್ಟಿಕ್ಕು. ನಾವು ಚಿಕ್ಕವರಿದ್ದಾಗ ಮದುವೆ ದಿಬ್ಬಣಕ್ಕೆ ಬರುತ್ತಿದ್ದ ಅಂಬಾಸಡರಿನಲ್ಲಿ ಕೈಯಿಟ್ಟಲ್ಲೆಲ್ಲ ತಗಡು ಸಿಗುತ್ತಿತ್ತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಬೀಗದ ಕೈ ಕೊಟ್ಟ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಕಾರು ಬಂತು, ಕಾರಿನೊಳಗೆ ಪ್ಲಾಸ್ಟಿಕ್ಕೂ ಬಂತು. ಆ ಮಾರುತಿ 2014ರಲ್ಲಿ ತಯಾರಾಗುವುದು ನಿಂತಿತು. ಅಂಬಾಸಡರೂ ಅದೇ ವರ್ಷ ನಿಂತಿತು.

ನಮ್ಮ ಮಾವನವರು 2002ರಲ್ಲಿ ಕೊಂಡ ಮಾರುತಿ ಇನ್ನೂ ನಮ್ಮ ಹಟ್ಟಿಯಲ್ಲಿದೆ. ಹದಿನೈದು ವರ್ಷ ತುಂಬಿದಾಗ ಆರ್.ಟಿ.ಓ. ಕಚೇರಿಯಲ್ಲಿ ಮತ್ತೆ ನೋಂದಣಿ ಮಾಡಿಸಿದೆವು. ಮಾವನವರು ಈಗಿಲ್ಲ. ಎಂಜಿನ್ನು ಚೆನ್ನಾಗಿದೆ, ಒಳಗಿನ ಬೂದು ಪ್ಲಾಸ್ಟಿಕ್ಕು ಮಾತ್ರ ಬಿಸಿಲಿಗೆ ಬಿಳಿಚಿಕೊಂಡು, ಗೀರು ಬಿದ್ದು, ಆಯುಧಪೂಜೆಯ ಅರಿಶಿನ ಕುಂಕುಮದ ಕಲೆ ಹೊತ್ತು ಕೂತಿತ್ತು. ಮಾರಿಬಿಡೋಣ ಎಂದು ನಮ್ಮವರು, ನಾನೇ ಬಣ್ಣ ಹೊಡೀತೀನಿ ಎಂದು ಇಂಜಿನಿಯರಿಂಗ್ ಓದುವ ಮಗಳು. ಮೈಬಣ್ಣ ಬದಲಿಸಿದರೆ ಆರ್.ಸಿ. ಪುಸ್ತಕದಲ್ಲಿ ಬರೆಸಬೇಕು, ಒಳಗಿನ ಬಣ್ಣವನ್ನು ಯಾವ ಕಚೇರಿಯೂ ಕೇಳುವುದಿಲ್ಲ. ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಕೆಲಸ ಶುರುವಾಯಿತು.

ಮನೆಯಲ್ಲೇ ಮಾಡಬೇಕೆನ್ನುವ ಸೋದರಿಯರಿಗಾಗಿ ಕ್ರಮವನ್ನು ಹೇಳಿಬಿಡುತ್ತೇನೆ. ಮೊದಲು ತುಣುಕುಗಳನ್ನು ಬಿಚ್ಚಬೇಕು. ಸ್ಕ್ರೂಗಳು ಕಲಸಿಹೋಗದಂತೆ ನಮ್ಮ ಹಳೇ ಮಸಾಲೆ ಡಬ್ಬಿ ಉಪಕಾರಕ್ಕೆ ಬಂತು. ಸಾಸಿವೆಯ ಬಟ್ಟಲಿಗೆ ಬಾಗಿಲಿನದು, ಜೀರಿಗೆಯದಕ್ಕೆ ಡ್ಯಾಶ್‌ಬೋರ್ಡಿನದು. ತುಣುಕಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಪಿ.ಪಿ. ಎಂದೋ ಎ.ಬಿ.ಎಸ್. ಎಂದೋ ಸಣ್ಣ ಅಕ್ಷರ ಅಚ್ಚಾಗಿರುತ್ತದೆ. ಎ.ಬಿ.ಎಸ್. ಬಣ್ಣವನ್ನು ಹಿಡಿಯುತ್ತದೆ, ಆದರೆ ಗಡುಸಾದ ತಿನ್ನರ್ ಬಿದ್ದರೆ ಮೈ ಕರಗುತ್ತದೆ. ಪಿ.ಪಿ. ಎಂದರೆ ಪಾಲಿಪ್ರೊಪಿಲೀನ್, ನಮ್ಮ ಬಕೆಟ್ಟು ಡಬ್ಬಿಗಳ ಜಾತಿ. ಎಣ್ಣೆ ಸವರಿದ ತಟ್ಟೆಯ ಮೇಲೆ ನೀರು ನಿಲ್ಲದ ಹಾಗೆ ಇದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಇದಕ್ಕೆಂದೇ ಇರುವ ಪ್ಲಾಸ್ಟಿಕ್ ಪ್ರೈಮರನ್ನು ಮೊದಲು ಹೊಡೆಯಬೇಕು.

ಅದಕ್ಕೂ ಮುಂಚೆ ತೊಳೆಯುವುದು. ಕಾರಿಗೆ ಹೊಳಪು ಬರಲೆಂದು ವರ್ಷಗಟ್ಟಲೆ ಸವರಿದ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ. ಅದು ಉಳಿದರೆ ಹೊಸ ಬಣ್ಣ ಮೀನಿನ ಕಣ್ಣಿನ ಹಾಗೆ ಗುಂಡು ಗುಂಡಾಗಿ ಒಡೆಯುತ್ತದೆ. ಪಾತ್ರೆ ಸೋಪಿನಲ್ಲಿ ಎರಡು ಸಲ ಉಜ್ಜಿ, 400ರ, ಆಮೇಲೆ 600ರ ನೀರುಕಾಗದದಲ್ಲಿ ಹದವಾಗಿ ತಿಕ್ಕಿ, ಒಣಗಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಬಣ್ಣದ ಡಬ್ಬಿಯನ್ನು ಒಂದಡಿ ದೂರ ಹಿಡಿದು ತೆಳುವಾಗಿ ಮೂರು ನಾಲ್ಕು ಕೈ ಹೊಡೆಯಬೇಕು, ನಡುವೆ ಹತ್ತು ಹದಿನೈದು ನಿಮಿಷ ಬಿಡಬೇಕು. ಒಂದೇ ಕೈಗೆ ದಪ್ಪ ಹೊಡೆದರೆ ಇಳಿಯುತ್ತದೆ. ಡ್ಯಾಶ್‌ಬೋರ್ಡಿಗೆ ಹೊಳಪಿನ ಬಣ್ಣ ಬೇಡ, ಅದರ ನೆರಳು ಮುಂದಿನ ಗಾಜಿನಲ್ಲಿ ಬಿದ್ದು ದಾರಿ ಕಾಣದು. ಮೂಗಿಗೆ ಮಾಸ್ಕ್ ಇರಲಿ, ಹತ್ತಿರ ಒಲೆ, ದೀಪ ಇರಬಾರದು. 2019ರ ಜುಲೈಯಿಂದ ಹೊಸ ಕಾರುಗಳಿಗೆ ಚಾಲಕನ ಗಾಳಿಚೀಲ ಕಡ್ಡಾಯವಾಗಿದೆ. ಅಂಥ ಚೀಲದ ಮುಚ್ಚಳಕ್ಕೆ ಮಾತ್ರ ಯಾರೂ ಬಣ್ಣ ಹೊಡೆಯಬೇಡಿ. ಅಪಘಾತದ ಹೊತ್ತಿಗೆ ಅದು ಸರಿಯಾಗಿ ಬಿರಿಯಬೇಕು.

ಇದೆಲ್ಲ ನಡೆಯುವಾಗ ನಮ್ಮತ್ತೆ ಜಗಲಿಯ ಮೇಲೆ ಸುಮ್ಮನೆ ಕೂತು ನೋಡುತ್ತಿದ್ದರು. ಚಾಲಕನ ಬಾಗಿಲಿನ ಕೈಯಾಸರೆ ಬಿಚ್ಚಿ ಬಂದಾಗ ಎದ್ದು ಬಂದರು. ಇಪ್ಪತ್ತು ವರ್ಷ ಮೊಣಕೈ ಊರಿ ಊರಿ ಅಲ್ಲೊಂದು ನುಣ್ಣನೆಯ ಗುಳಿ ಬಿದ್ದಿತ್ತು.

"ಅದು ನಿಮ್ ತಾತ ಕೈ ಇಕ್ತಿದ್ದ ಜಾಗ ಕಣ್ ಮಗ. ಅದ್ನೂ ಬಳ್ದ್‌ಬುಟ್ರೆ ಇನ್ನೇನ್ ಉಳೀತದೆ?" ಎಂದರು.

"ಬಳೀದಿದ್ರೆ ಕಾರನ್ನೇ ಮಾರ್ತಾರೆ ಅಜ್ಜಿ, ಆಗ ಏನ್ ಉಳಿಯುತ್ತೆ?" ಎಂದಳು ಮಗಳು.

ಇಬ್ಬರ ಮಾತೂ ಸರಿಯೇ. ದರಿಯಾ ದೌಲತ್ತಿನಲ್ಲೂ ಇದೇ ಪ್ರಶ್ನೆ ಇತ್ತಲ್ಲವೇ? 1855ರಲ್ಲಿ ಮತ್ತೆ ಬರೆಯದಿದ್ದರೆ ಪೊಳ್ಳಿಲೂರಿನ ಚಿತ್ರವನ್ನು ನಮ್ಮ ಮಕ್ಕಳು ನೋಡುತ್ತಿರಲಿಲ್ಲ. ಮತ್ತೆ ಬರೆದದ್ದರಿಂದ ಟಿಪ್ಪುವಿನ ಕಾಲದ ಕುಂಚದ ಗೆರೆಯನ್ನು ನಾವು ಯಾರೂ ನೋಡುವಂತಿಲ್ಲ. ಕಾಪಾಡುವುದೂ ಮುಚ್ಚುವುದೂ ಒಂದೇ ಕೈಯ ಕೆಲಸವಾಗುವ ಹೊತ್ತು ಅದು. ಆಗ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ವಸ್ತುವಿನ ಜೊತೆ ಬಾಳಿದವರನ್ನು ಕೇಳಿಯೇ ತೀರ್ಮಾನಿಸಬೇಕು.

ನಾವು ಹಾಗೇ ಮಾಡಿದೆವು. ಕೈಯಾಸರೆಯನ್ನು ತೊಳೆದು ಒರೆಸಿ, ಬಣ್ಣ ಸೋಕಿಸದೆ ಇದ್ದಂತೆಯೇ ಕೂರಿಸಿದೆವು. ಮಿಕ್ಕ ತುಣುಕುಗಳ ಹಿಂಬದಿಯಲ್ಲಿ ಮಗಳು ಅಳಿಸದ ಪೆನ್ನಿನಿಂದ ಹಳೆಯ ಬಣ್ಣ ಯಾವುದು, ಹೊಸದು ಯಾವುದು, ಯಾವ ತಾರೀಖು, ಬಳಿದವರು ಯಾರು ಎಂದು ಬರೆದಳು. ಅತ್ತೆಯ ಹೆಸರನ್ನೂ ಸೇರಿಸಿದಳು. ಕಾರು ಮಾರುವ ಮಾತು ಮನೆಯಲ್ಲಿ ಸದ್ಯಕ್ಕೆ ನಿಂತಿದೆ.

ಆ ಬರಹ ನೋಡಿದ ಮೇಲೆ ಈ ವರ್ಷ ನನ್ನ ಏಳನೇ ತರಗತಿಯ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟಿದ್ದೇನೆ. ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಯುವ ಮುಂಚೆ, ಮೂಲೆಯಲ್ಲಿ ಸ್ವಲ್ಪ ಹೆರೆದು, ಕೆಳಗೆ ಎಷ್ಟು ಬಣ್ಣಗಳಿವೆ ಎಂದು ಎಣಿಸಿ, ಒಂದೊಂದನ್ನೂ ಯಾರು ಬಳಿದರೆಂದು ಅಜ್ಜಿಯನ್ನು ಕೇಳಿ ಬರೆದು ತರಬೇಕು. ಇದುವರೆಗೆ ಹೆಚ್ಚೆಂದರೆ ಏಳು ಪದರ ಸಿಕ್ಕಿದೆ. ಎಲ್ಲಕ್ಕಿಂತ ಕೆಳಗೆ ಸುಣ್ಣ, ಅದರ ಎದುರಿಗೆ ಆ ಹುಡುಗಿಯ ಮುತ್ತಜ್ಜಿಯ ಹೆಸರು.