ಬೇ ಏರಿಯಾದಲ್ಲಿ ಬಾಡಿಗೆ ಮನೆ: ಗೋಡೆ, ನೆಲದ ಹಾನಿ ಮೊದಲ ದಿನವೇ ನೋಡಿಕೊಳ್ಳಿ

ಗಲ್ಫ್ ಬಿಟ್ಟು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾಗೆ ಹೋಗುವ ಕುಟುಂಬಗಳು ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಕಡೆ ಬಾಡಿಗೆ ಮನೆ ಹಿಡಿದರೆ ಸಾಮಾನು ಬಿಚ್ಚುವ ಮೊದಲು ಮನೆ ಪೂರ್ತಿ ಪರೀಕ್ಷಿಸಬೇಕು. ಇಲ್ಲದಿದ್ದರೆ ಹಿಂದೆ ಇದ್ದವರು ಮಾಡಿಹೋದ ಹಾನಿಗೆ ಹೊಸಬರ ಡಿಪಾಸಿಟ್ ಹೋಗಬಹುದು.

ಪತ್ತೆ ಹೇಗೆ?
ಟಾರ್ಚ್ ಬೆಳಕನ್ನು ಗೋಡೆಗೆ ಓರೆಯಾಗಿ ಬಿಟ್ಟರೆ ತಗ್ಗು, ಉಬ್ಬು, ಹಳೇ ತೇಪೆ ಎದ್ದು ಕಾಣುತ್ತವೆ. ಸಿಂಕ್ ಕೆಳಗೆ, ಕಿಟಕಿಯಂಚಿನಲ್ಲಿ, ಬಾತ್‌ರೂಮ್ ಸೀಲಿಂಗ್‌ನಲ್ಲಿ ನೀರಿನ ಕಲೆ, ಬೂಷ್ಟು ಇದೆಯಾ ನೋಡಿ. ಪ್ರತಿ ಹಾನಿಗೂ ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆದು, ಅಂದೇ ಮಾಲೀಕರಿಗೆ ಇಮೇಲ್ ಮಾಡಿ. ಬಾಯಿಮಾತಲ್ಲಿ ಹೇಳಿದರೆ ಸಾಲದು.

ಕಾನೂನು ಏನು ಹೇಳುತ್ತದೆ?
ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಡಿಪಾಸಿಟ್ ಮಿತಿ ಒಂದು ತಿಂಗಳ ಬಾಡಿಗೆ. ಒಂದೆರಡೇ ಮನೆ ಇರುವ ಕೆಲವು ಸಣ್ಣ ಮಾಲೀಕರಿಗೆ ಮಾತ್ರ ವಿನಾಯಿತಿ. 2025ರ ಜುಲೈ 1ರಿಂದ ಶುರುವಾದ ಬಾಡಿಗೆಗಳಿಗೆ ಮಾಲೀಕರೂ ಆರಂಭದಲ್ಲೇ ಮನೆಯ ಫೋಟೊ ತೆಗೆಯಬೇಕು. ಮನೆ ಖಾಲಿ ಮಾಡಿದ 21 ದಿನದೊಳಗೆ ಹಣ ವಾಪಸ್ ಕೊಡಬೇಕು, ಹಿಡಿದುಕೊಂಡರೆ ಲೆಕ್ಕ ಕೊಡಬೇಕು. ದುರಸ್ತಿ, ಸ್ವಚ್ಛತೆಯ ಕಡಿತ 125 ಡಾಲರ್ ದಾಟಿದರೆ ಬಿಲ್ ಕೂಡ ಕೊಡಬೇಕು. ದಿನಬಳಕೆಯ ಸಹಜ ಸವೆತಕ್ಕೆ ಹಣ ಹಿಡಿಯುವಂತಿಲ್ಲ.

ದುರಸ್ತಿ
ಗಲ್ಫ್‌ನ ಕಾಂಕ್ರೀಟ್ ಗೋಡೆಯಂತಲ್ಲ, ಇಲ್ಲಿ ಬಹುತೇಕ ಮನೆಗಳದ್ದು ಮರದ ಚೌಕಟ್ಟಿಗೆ ಬಡಿದ ಜಿಪ್ಸಮ್ ಹಲಗೆಯ ಗೋಡೆ. ಮಾಲೀಕರ ಒಪ್ಪಿಗೆ ಬರಹದಲ್ಲಿ ಸಿಕ್ಕ ಮೇಲೆ ಮೊಳೆಯ ತೂತಿಗೆ ಸ್ಪ್ಯಾಕಲ್ ಎಂಬ ಪುಟ್ಟಿ ತುಂಬಿ, ಒಣಗಿದ ನಂತರ ನಯವಾದ ಉಪ್ಪುಕಾಗದದಿಂದ ಉಜ್ಜಿ, ಅದೇ ಬಣ್ಣ ಹಚ್ಚಬಹುದು. ನೀರಿನ ಕಲೆಗೆ ಮಾತ್ರ ಬಣ್ಣ ಬಳಿದು ಮುಚ್ಚಬೇಡಿ, ಮೊದಲು ಸೋರಿಕೆ ನಿಲ್ಲಬೇಕು. ಬಾಗಿಲು ಮೂಲೆಯಿಂದ ಓರೆಯಾಗಿ ಅಗಲ ಬಿರುಕು ಬಿಟ್ಟು, ಬಾಗಿಲೂ ಬಿಗಿಯಾಗಿದ್ದರೆ ಅಡಿಪಾಯ ಕುಸಿದಿರಬಹುದು, ಮಾಲೀಕರೇ ನೋಡಲಿ.

ಹಳೇ ಮನೆಯಾದರೆ ಎಚ್ಚರ
ಮನೆಗಳಿಗೆ ಸೀಸ ಬೆರೆತ ಬಣ್ಣ ಬಳಸುವುದನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಮೊದಲು ಕಟ್ಟಿದ ಮನೆಗಳು ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್‌ನಲ್ಲಿ ಬಹಳ ಇವೆ. ಅಂಥ ಮನೆಯ ಬಣ್ಣ ಉಜ್ಜಲು, ಕೆರೆಯಲು ಹೋಗಬೇಡಿ. ಸೀಸದ ಧೂಳು ಹೊಟ್ಟೆಗೆ ಹೋದರೆ ಪುಟ್ಟ ಮಕ್ಕಳ ಮೆದುಳಿನ ಬೆಳವಣಿಗೆಗೆ ಪೆಟ್ಟು. ಬಣ್ಣ ಏಳುತ್ತಿದ್ದರೆ ಮಕ್ಕಳನ್ನು ಆ ಕೋಣೆಯಿಂದ ದೂರ ಇಟ್ಟು, ತರಬೇತಿ ಪಡೆದವರಿಂದಲೇ ಕೆಲಸ ಮಾಡಿಸುವಂತೆ ಮಾಲೀಕರಿಗೆ ಬರೆದು ಕೇಳಿ.