ಜೀಪಿಗೆ ಕೈ ಹಾಕೋ ಮುಂಚೆ ಅದರ ಇತಿಹಾಸ

ಅಣ್ಣಾ ನಗರದ ನಮ್ಮ ಮನೆಗೆ ಹೊಸ ಥಾರ್ ಬಂದಿದೆ. ಸ್ನಾರ್ಕೆಲ್, ದಪ್ಪ ಟೈರು, ಕಬ್ಬಿಣದ ಬುಲ್ ಬಾರ್ ಅಂತ ಪಟ್ಟಿನೂ ಶುರುವಾಗಿದೆ. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ ನೋಡೋಣ.

ಯುದ್ಧಕ್ಕೆ ಅಂತ ತಯಾರಾದ ವಿಲ್ಲಿಸ್ ಜೀಪನ್ನು 1945ರಲ್ಲಿ ಕಂಪನಿಯೇ ರೈತರಿಗಾಗಿ ಮಾರ್ಪಡಿಸಿತು. ಅದೇ ಸಿಜೆ-2ಎ. ಹಿಂದೆ ತೆರೆಯೋ ಬಾಗಿಲು ಬಂತು, ಆಕ್ಸಲ್ ಅನುಪಾತ 4.88ರಿಂದ 5.38ಕ್ಕೆ ಏರಿತು. ಅಂದ್ರೆ ವೇಗ ಕಮ್ಮಿ, ಎಳೆಯೋ ಶಕ್ತಿ ಜಾಸ್ತಿ. ಅಂದಕ್ಕಲ್ಲ, ಹೊಲದ ಕೆಲಸಕ್ಕೆ! ಮಹೀಂದ್ರ ಮುಂದೆ ವಿಲ್ಲಿಸ್ ಜೀಪುಗಳನ್ನೇ ಭಾರತದಲ್ಲಿ ಜೋಡಿಸಿತು. ಕೊಡಚಾದ್ರಿ, ಮಾಂದಲಪಟ್ಟಿಗೆ ಇವತ್ತಿಗೂ ಜನರನ್ನ ಹತ್ತಿಸೋದು ಜೀಪುಗಳೇ.

ಈಗ ಕಾನೂನಿಗೆ ಬರೋಣ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳಿ ಅಂತ ಕೇಂದ್ರ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಸೆಕೆಂಡ್ ಅವೆನ್ಯೂ ದಾಟೋ ಅಜ್ಜಿಗೆ ನನ್ನ ಶೋಕಿ ಯಾಕೆ ಕಂಟಕ ಆಗ್ಬೇಕು?

ಚೆನ್ನೈನ 2015ರ ಪ್ರವಾಹ ನೆನೆದರೆ ಸ್ನಾರ್ಕೆಲ್ ಬೇಕು ಅನ್ಸುತ್ತೆ, ನಿಜ. ಆದ್ರೆ ಅದು ಎಂಜಿನ್ನಿಗೆ ಗಾಳಿ ಕೊಡುತ್ತೆ ಅಷ್ಟೇ. ಹರಿಯೋ ನೀರು ಗಾಡಿಯನ್ನೇ ತಳ್ಳಿದ್ರೆ ತಡೆಯಲ್ಲ.

ಹಾಗಾಗಿ ನನ್ನ ಪಟ್ಟಿ ಈಗ ಇಷ್ಟೇ: ಕಂಪನಿ ಒಪ್ಪಿದ ಅಳತೆಯಲ್ಲೇ ಒಳ್ಳೆ ಹಿಡಿತದ ಟೈರು, ಎಳೆಯೋ ಹಗ್ಗ, ಸಲಿಕೆ, ಟೈರಿಗೆ ಗಾಳಿ ತುಂಬೋ ಪಂಪು. ಮರಳಲ್ಲಿ ಗಾಳಿ ಇಳಿಸಿದ್ರೆ ಟೈರು ಅಗಲವಾಗಿ ಕೂರುತ್ತೆ, ಗಾಡಿ ಹೂಳಲ್ಲ. ಟಾರು ರಸ್ತೆಗೆ ಬಂದ್ಮೇಲೆ ಮತ್ತೆ ತುಂಬಿಸಿದ್ರಾಯ್ತು. ನಿಮ್ಮ ಪಟ್ಟಿಯಲ್ಲಿ ಏನಿದೆ? ಕಾಮೆಂಟ್‌ನಲ್ಲಿ ಹೇಳಿ.